ಹೆಸರು ಒಂದು, ಒಡಲು ಇನ್ನೊಂದು: ಕಡತ ತೆರೆಯುವ ಕಮಾಂಡ್‌ಗಳಲ್ಲಿ ಯಾವುದನ್ನು ಆರಿಸಬೇಕು?

ಅರ್ಜಿ ಸಲ್ಲಿಸಲು ಅಂದೇ ಕೊನೆಯ ದಿನ. ಸಂಜೆ ಐದಕ್ಕೆ ಹತ್ತು ನಿಮಿಷ ಬಾಕಿ. ಗೌರಿಬಿದನೂರಿನ ಕಡೆಯ ಹುಡುಗಿಯೊಬ್ಬಳು ಪೆನ್ ಡ್ರೈವ್ ಕೈಗಿತ್ತು, ‘ಅಣ್ಣಾ, ಅಂಕಪಟ್ಟಿ ಇದರಲ್ಲಿದೆ, ಬೇಗ ಒಂದು ಪ್ರಿಂಟ್ ತೆಗೆದುಕೊಡಿ’ ಎಂದಳು. ಕಡತದ ಹೆಸರಿನ ಕೊನೆಯಲ್ಲಿ ಜೆಪಿಜಿ ಎಂದಿತ್ತು. ಎರಡು ಸಲ ಒತ್ತಿದೆ. ಚಿತ್ರ ತೋರಿಸುವ ತಂತ್ರಾಂಶ ತೆರೆದುಕೊಂಡಿತು, ಚಿತ್ರ ಮಾತ್ರ ಬರಲಿಲ್ಲ. ಇದು ಜೆಪೆಗ್ ಕಡತವಲ್ಲ, ಇದರ ಆರಂಭದಲ್ಲಿ 25 ಮತ್ತು 50 ಇವೆ ಎಂಬ ಒಂದು ಸಾಲಿನ ಸಂದೇಶ ಬಂದಿತು. ‘ಮನೆಯಲ್ಲಿ ಮೊಬೈಲಿನಲ್ಲಿ ಚೆನ್ನಾಗಿಯೇ ಕಾಣಿಸುತ್ತಿತ್ತು’ ಎಂದು ಹುಡುಗಿ ಗಾಬರಿಯಾದಳು.

ಉತ್ತರ ಆ ಸಂದೇಶದಲ್ಲೇ ಇತ್ತು. 25, 50 ಎಂಬುವು ಹದಿನಾರರ ಆಧಾರದ ಎಣಿಕೆಯ ಸಂಖ್ಯೆಗಳು. ಮೊದಲನೆಯದು ಶೇಕಡಾ ಚಿಹ್ನೆ, ಎರಡನೆಯದು ಇಂಗ್ಲಿಷಿನ ಪಿ ಅಕ್ಷರ. ಶೇಕಡಾ ಚಿಹ್ನೆಯ ಹಿಂದೆಯೇ ಪಿ, ಡಿ, ಎಫ್ ಎಂಬ ಮೂರು ಅಕ್ಷರಗಳಿಂದ ಆರಂಭವಾಗುವುದು ಪಿಡಿಎಫ್ ಕಡತ. ಜಾಲತಾಣವು ಜೆಪಿಜಿಯನ್ನೇ ಕೇಳುತ್ತದೆ ಎಂದು ಯಾರೋ ಪಿಡಿಎಫ್‌ನ ಹೆಸರಿನ ಬಾಲವನ್ನು ಮಾತ್ರ ತಿದ್ದಿ ಕೊಟ್ಟಿದ್ದರು. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್‌ಗಳನ್ನು ಬೆರಳಚ್ಚಿಸಿ ಕೊಡುವ ಕಿಟಕಿಯಲ್ಲಿ, ಒಂದು ಕಮಾಂಡ್ ಕೊಟ್ಟು ಖಚಿತಪಡಿಸಿಕೊಂಡೆ, ಪಿಡಿಎಫ್ ತಂತ್ರಾಂಶದಲ್ಲಿ ತೆರೆದು ಪ್ರಿಂಟ್ ತೆಗೆದೆ, ಅದನ್ನೇ ನಿಜವಾದ ಜೆಪಿಜಿಯಾಗಿ ಪರಿವರ್ತಿಸಿ ಅರ್ಜಿಗೂ ಸೇರಿಸಿದೆ. ಅಂದಿನಿಂದ, ಕಡತದ ಬಗೆಯನ್ನು ತಾನೇ ಗುರುತಿಸಿ ತಕ್ಕ ತಂತ್ರಾಂಶದಲ್ಲಿ ತೆರೆಯುವ ಕಮಾಂಡ್‌ಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಬಂದಿದ್ದೇನೆ. ನನ್ನಂತೆ ಲಿನಕ್ಸ್ ಗಣಕದಲ್ಲಿ ದಿನವೂ ಬೇರೆಯವರ ಕಡತಗಳನ್ನು ತೆರೆಯಬೇಕಾದವರಿಗೆ ಈ ಹೋಲಿಕೆ ನೆರವಾಗಬಹುದು.

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ನಮ್ಮ ಜೆರಾಕ್ಸ್ ಅಂಗಡಿಗೆ ಎಂತೆಂಥ ಕಡತಗಳು ಬರುತ್ತವೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಆಯ್ಕೆ ನಿಂತಿರುವುದೇ ಅದರ ಮೇಲೆ. ಪಹಣಿ, ಆಧಾರ್, ಅಂಕಪಟ್ಟಿಗಳ ಪಿಡಿಎಫ್‌ಗಳು. ಮೊಬೈಲಿನಲ್ಲಿ ಹಿಡಿದ ಹಳೆಯ ಕ್ರಯಪತ್ರಗಳ ಚಿತ್ರಗಳು. 2007ರಲ್ಲಿ ನಮ್ಮ ಜಿಲ್ಲೆ ಬೇರೆಯಾಗುವ ಮೊದಲಿನ ಪತ್ರಗಳಲ್ಲೆಲ್ಲ ಕೋಲಾರ ಜಿಲ್ಲೆ ಎಂದೇ ಇರುತ್ತದೆ. ಶಿಡ್ಲಘಟ್ಟದ ರೀಲರುಗಳ ಲೆಕ್ಕದ ಎಕ್ಸೆಲ್ ಹಾಳೆಗಳು. ಲಗ್ನಪತ್ರಿಕೆಯ ಕೋರೆಲ್‌ಡ್ರಾ ಕಡತಗಳು. ಬಾಗೇಪಲ್ಲಿಯ ಕಡೆಯಿಂದ ತೆಲುಗಿನ ದಾಖಲೆಗಳು. ಐಫೋನ್ ಇರುವವರ ಹೆಚ್‌ಇಐಸಿ ಚಿತ್ರಗಳು. ಇವುಗಳಲ್ಲಿ ಕೆಲವಕ್ಕೆ ಬಾಲವೇ ಇರುವುದಿಲ್ಲ, ಕೆಲವಕ್ಕೆ ತಪ್ಪು ಬಾಲ, ಕೆಲವಕ್ಕೆ ಎರಡೆರಡು.

ಇಂಥ ಕಮಾಂಡ್‌ಗಳನ್ನು ಹೋಲಿಸುವವರು ಸಾಮಾನ್ಯವಾಗಿ ಎರಡು ಬೇರೆ ಪ್ರಶ್ನೆಗಳನ್ನು ಒಂದಾಗಿ ಕಲಸಿಬಿಡುತ್ತಾರೆ. ಕಡತದ ಬಗೆ ಇಂಥದ್ದು ಎಂದು ತೀರ್ಮಾನಿಸುವವರು ಯಾರು, ಹೆಸರೋ, ಒಡಲೋ ಅಂದರೆ ಒಳಗಿರುವ ದತ್ತಾಂಶವೋ? ಇದು ಮೊದಲನೆಯದು. ಆ ಬಗೆಗೆ ಇಂಥ ತಂತ್ರಾಂಶ ಎಂದು ತೀರ್ಮಾನಿಸುವವರು ಯಾರು, ಡೆಸ್ಕ್‌ಟಾಪೋ ನೀವೋ? ಇದು ಎರಡನೆಯದು. ನನ್ನ ಅನುಭವದಲ್ಲಿ ತೊಂದರೆಗಳಲ್ಲಿ ಹೆಚ್ಚಿನವು ಮೊದಲನೆಯ ಪ್ರಶ್ನೆಯಿಂದ ಹುಟ್ಟುತ್ತವೆ, ಜನ ಮಾತ್ರ ಎರಡನೆಯದರ ಬಗ್ಗೆಯೇ ತಲೆಕೆಡಿಸಿಕೊಳ್ಳುತ್ತಾರೆ.

ಒಡಲನ್ನು ನೋಡುವ ಹಳೆಯ ಕೈ

‘ಫೈಲ್’ ಎಂಬ ಕಮಾಂಡ್ ಏನನ್ನೂ ತೆರೆಯುವುದಿಲ್ಲ; ಕಡತ ಏನೆಂದು ಹೇಳಿ ಸುಮ್ಮನಾಗುತ್ತದೆ. (ಗೊಂದಲ ಬೇಡವೆಂದು ಈ ಬರಹದುದ್ದಕ್ಕೂ ಕಮಾಂಡನ್ನು ಮಾತ್ರ ಫೈಲ್ ಎನ್ನುತ್ತೇನೆ, ಉಳಿದುದೆಲ್ಲ ಕಡತ.) 1973ರಲ್ಲಿ ಬೆಲ್ ಲ್ಯಾಬ್ಸ್‌ನ ಯುನಿಕ್ಸ್‌ನಲ್ಲೇ ಇದು ಇತ್ತು. ಇಂದು ಲಿನಕ್ಸ್ ಗಣಕಗಳಲ್ಲಿರುವ ರೂಪವನ್ನು 1980ರ ದಶಕದಲ್ಲಿ ಇಯಾನ್ ಡಾರ್ವಿನ್ ಬರೆದರು. ಬಹುಕಾಲದಿಂದ ಅದನ್ನು ನೋಡಿಕೊಳ್ಳುತ್ತಿರುವವರು ಕ್ರಿಸ್ಟೋಸ್ ಜೌಲಸ್. ಇದರ ಪರೀಕ್ಷೆ ಮೂರು ಹಂತದ್ದು. ಮೊದಲು ಇದು ಕಡತವೋ ಕೋಶವೋ (ಫೋಲ್ಡರೋ) ಖಾಲಿಯೋ ಎಂದು ನೋಡುತ್ತದೆ. ಆಮೇಲೆ ಮೊದಲ ಕೆಲವು ಬೈಟ್‌ಗಳನ್ನು (ಕಡತದ ಒಡಲನ್ನು ಕಟ್ಟಿರುವ 0ರಿಂದ 255ರವರೆಗಿನ ಸಂಖ್ಯೆಗಳನ್ನು) ತನ್ನ ಬಳಿ ಇರುವ ಗುರುತುಗಳ ದೊಡ್ಡ ಪಟ್ಟಿಯೊಡನೆ ಹೋಲಿಸುತ್ತದೆ. ಅಲ್ಲಿಯೂ ಸಿಗದಿದ್ದರೆ ಪಠ್ಯವೇ ಎಂದು ನೋಡಿ, ಯಾವ ಸಂಕೇತದಲ್ಲಿದೆ ಎಂದು ಊಹಿಸುತ್ತದೆ. ಹೆಸರಿನ ಕಡೆಗೆ ಕಣ್ಣೆತ್ತಿಯೂ ನೋಡುವುದಿಲ್ಲ.

ಆ ಗುರುತುಗಳಲ್ಲಿ ಕೆಲವನ್ನು ತಿಳಿದಿರುವುದು ಒಳ್ಳೆಯದು. ಜೆಪಿಜಿ 255, 216, 255 ಎಂಬ ಮೂರು ಬೈಟ್‌ಗಳಿಂದ ಆರಂಭವಾಗುತ್ತದೆ. ಪಿಎನ್‌ಜಿ ಆದರೆ ಮೊದಲ ಬೈಟ್ 137, ನಂತರ ಪಿ, ಎನ್, ಜಿ ಅಕ್ಷರಗಳು. ಜಿಪ್ ಕಡತ ಪಿ, ಕೆ ಎಂಬ ಎರಡಕ್ಷರಗಳಿಂದ ಆರಂಭ. ಆ ರೂಪವನ್ನು ಮಾಡಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳವು. ಹೆಚ್‌ಇಐಸಿ ಚಿತ್ರಕ್ಕೂ ಎಂಪಿ4 ವಿಡಿಯೊಗೂ ಹೊರಕವಚ ಒಂದೇ ಮನೆತನದ್ದು, ಎಂಟು ಬೈಟ್ ದಾಟಿದ ಮೇಲೆ ಬರುವ ಹೆಸರಿನಲ್ಲಿ ಮಾತ್ರ ವ್ಯತ್ಯಾಸ. ವಾಟ್ಸ್ಆ್ಯಪ್‌ನ ಸ್ಟಿಕ್ಕರ್‌ಗಳು ಬಳಸುವ ವೆಬ್‌ಪಿ, ಡಬ್ಲ್ಯೂಎವಿ ಧ್ವನಿ, ಹಳೆಯ ಕೋರೆಲ್‌ಡ್ರಾ ಈ ಮೂರೂ ರಿಫ್ ಎಂಬ ಒಂದೇ ಕವಚದೊಳಗೆ ಕೂತಿವೆ.

ಈ ಕೊನೆಯ ಮಾತಿನಲ್ಲೇ ಫೈಲ್‌ನ ಮಿತಿಯೂ ಇದೆ. ವರ್ಡ್‌ನ ಡಾಕ್ಸ್, ಎಕ್ಸೆಲ್‌ನ ಎಕ್ಸ್‌ಎಲ್‌ಎಸ್‌ಎಕ್ಸ್, ಲಿಬ್ರೆಆಫೀಸ್‌ನ ಓಡಿಟಿ ಇವೆಲ್ಲ ಒಳಗೆ ಜಿಪ್ ಕಡತಗಳೇ. ಓಡಿಟಿ ರೂಪಿಸಿದವರು ಮುಂದಾಲೋಚನೆಯಿಂದ ಬಗೆಯ ಹೆಸರನ್ನು ಹೇಳುವ ‘ಮೈಮ್‌ಟೈಪ್’ ಎಂಬ ಪುಟ್ಟ ಕಡತವನ್ನು ಜಿಪ್‌ನ ತೀರ ಮೊದಲಿಗೆ, ಕುಗ್ಗಿಸದೆ ಇಡಬೇಕೆಂದು ನಿಯಮ ಮಾಡಿದರು. ಹಾಗಾಗಿ ಓಡಿಟಿಯನ್ನು ಗುರುತಿಸುವುದು ಸುಲಭ. ಡಾಕ್ಸ್‌ನಲ್ಲಿ ಅಂಥ ಏರ್ಪಾಡಿಲ್ಲ. ಕೆಲವು ಮೊಬೈಲ್ ಆ್ಯಪ್‌ಗಳು ಒಳಗಿನ ಕಡತಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿ ಡಾಕ್ಸ್ ತಯಾರಿಸಿದಾಗ ಫೈಲ್ ಅದನ್ನು ಬರೀ ಜಿಪ್ ಎಂದುಬಿಡುತ್ತದೆ. ಅಲ್ಪವಿರಾಮಗಳಿಂದ ಬೇರ್ಪಡಿಸಿದ ಲೆಕ್ಕದ ಪಟ್ಟಿಯನ್ನು ಎಷ್ಟೋ ಸಲ ಸಾದಾ ಪಠ್ಯ ಎನ್ನುತ್ತದೆ. ಇಂಥಲ್ಲಿ ಹೆಸರಿನ ಬಾಲದಲ್ಲೇ ಹೆಚ್ಚು ತಿಳಿವಳಿಕೆ ಇರುತ್ತದೆ.

ಆದ್ದರಿಂದ ನಾನು ಪಾಲಿಸುವ ಕ್ರಮ ಹೀಗೆ: ಮೊದಲು ಒಡಲನ್ನು ಕೇಳುತ್ತೇನೆ. ಪಿಡಿಎಫ್, ಜೆಪಿಜಿ, ಪಿಎನ್‌ಜಿ ಎಂಬಂಥ ಖಚಿತ ಉತ್ತರ ಬಂದರೆ ಹೆಸರು ಏನೇ ಹೇಳಲಿ, ಒಡಲಿನ ಮಾತೇ ಕೊನೆ. ಜಿಪ್, ಸಾದಾ ಪಠ್ಯ, ಹಳೆಯ ಮೈಕ್ರೋಸಾಫ್ಟ್ ಸಂಯುಕ್ತ ಕಡತ (ಹಳೆಯ ವರ್ಡ್, ಎಕ್ಸೆಲ್‌ಗಳ ರೂಪ), ಅಥವಾ ‘ಏನೋ ದತ್ತಾಂಶ’ ಎಂಬ ನಾಲ್ಕು ಮಸುಕು ಉತ್ತರಗಳಲ್ಲಿ ಒಂದು ಬಂದರೆ ಮಾತ್ರ ಹೆಸರನ್ನು ಕೇಳುತ್ತೇನೆ. ಕಡತ ತೆರೆಯುವ ಯಾವ ಕಮಾಂಡ್‌ನಿಂದ ಈ ಕ್ರಮವನ್ನು ಮಾಡಿಸಬಹುದು ಎಂಬುದೇ ನನಗೆ ಆಯ್ಕೆಯ ಅಳತೆಗೋಲು.

ಇನ್ನೆರಡು ಸಂಗತಿಗಳನ್ನು ಫೈಲ್ ಚೆನ್ನಾಗಿ ಹೇಳುತ್ತದೆ. ಪಾಸ್‌ವರ್ಡ್ ಹಾಕಿದ ಡಾಕ್ಸ್ ಜಿಪ್ ಆಗಿ ಉಳಿಯುವುದಿಲ್ಲ, ಹಳೆಯ ಸಂಯುಕ್ತ ಕಡತದ ರೂಪಕ್ಕೆ ತಿರುಗುತ್ತದೆ. ಫೈಲ್ ಅದನ್ನು ಗೂಢಲಿಪೀಕರಿಸಿದ್ದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಗ್ರಾಹಕರನ್ನು ಮೊದಲೇ ಪಾಸ್‌ವರ್ಡ್ ಕೇಳಬಹುದು. ಎರಡನೆಯದು, ಪೆನ್ ಡ್ರೈವ್‌ನ ವೈರಸ್. ನಿಜವಾದ ಕೋಶಗಳನ್ನು ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಇಡುವ ವೈರಸ್ಸನ್ನು ನಮ್ಮಂಥ ಅಂಗಡಿಯವರೆಲ್ಲ ಕಂಡಿದ್ದಾರೆ. ಕೋಶದಂತೆ ಕಾಣುವುದರ ಮೇಲೆ ಫೈಲ್ ಓಡಿಸಿದಾಗ ‘ವಿಂಡೋಸ್ ಶಾರ್ಟ್‌ಕಟ್’ ಎಂದು ಬಂದರೆ ಅಲ್ಲಿಗೆ ಕೈ ಹಿಂದೆ ತೆಗೆಯಿರಿ. ನಿಮ್ಮ ಲಿನಕ್ಸ್ ಗಣಕಕ್ಕೆ ಅದರಿಂದ ಕೇಡಾಗದಿದ್ದರೂ ಆ ಗ್ರಾಹಕರ ಮನೆಯ ಗಣಕಕ್ಕೆ ಅಂಟಿರುತ್ತದೆ. ಅವರಿಗೆ ತಿಳಿಸುವುದು ನಮ್ಮ ಕೆಲಸ.

2024ರ ಫೆಬ್ರುವರಿಯಲ್ಲಿ ಗೂಗಲ್ ‘ಮ್ಯಾಜಿಕಾ’ ಎಂಬ ಇನ್ನೊಂದು ಗುರುತಿಸುವ ಕಮಾಂಡನ್ನು ಮುಕ್ತವಾಗಿ ಬಿಡುಗಡೆ ಮಾಡಿತು. ಇದರಲ್ಲಿ ಕೈಯಿಂದ ಬರೆದ ಗುರುತುಪಟ್ಟಿಯ ಜಾಗದಲ್ಲಿ ಯಂತ್ರಕಲಿಕೆಯ ಒಂದು ಪುಟ್ಟ ಮಾದರಿ ಇದೆ, ನೂರಕ್ಕೂ ಹೆಚ್ಚು ಬಗೆಗಳನ್ನು ಗುರುತಿಸುತ್ತದೆ. ಬೇರೆ ಬೇರೆ ಭಾಷೆಗಳ ಪ್ರೋಗ್ರಾಮ್‌ಗಳನ್ನು ಪರಸ್ಪರ ಬೇರ್ಪಡಿಸುವಂಥ ಪಠ್ಯದ ಕೆಲಸದಲ್ಲಿ ಇದರ ಬಲವಿದೆ. ಪಹಣಿ, ಅಂಕಪಟ್ಟಿ ತೆರೆಯುವವರಿಗೆ ಅಗತ್ಯವಿಲ್ಲ.

ತೆರೆಯುವ ಕಮಾಂಡ್‌ಗಳು

‘ಎಕ್ಸ್‌ಡಿಜಿ-ಓಪನ್’ ಎಲ್ಲರಿಗೂ ಗೊತ್ತಿರುವುದು. 2006ರಲ್ಲಿ ಬಂದ ಎಕ್ಸ್‌ಡಿಜಿ-ಯುಟಿಲ್ಸ್ ಎಂಬ ಕಂತೆಯ ಭಾಗ. ನೋಡಲು ದೊಡ್ಡ ತಂತ್ರಾಂಶದಂತಿದ್ದರೂ ಇದೊಂದು ಶೆಲ್ ಸ್ಕ್ರಿಪ್ಟ್, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಕಡತ. ನೀವು ಲಿನಕ್ಸ್‌ನ ಯಾವ ಡೆಸ್ಕ್‌ಟಾಪ್‌ನಲ್ಲಿದ್ದೀರಿ (ಕಿಟಕಿ, ಮೆನುಗಳನ್ನು ತೋರಿಸುವ ಪರಿಸರ ಯಾವುದು) ಎಂದು ಕಂಡುಕೊಂಡು, ಗ್ನೋಮ್ ಆದರೆ ಗ್ನೋಮ್‌ನ ಕಮಾಂಡಿಗೆ, ಕೆಡಿಇ ಆದರೆ ಕೆಡಿಇಯದಕ್ಕೆ, ಎಕ್ಸ್‌ಎಫ್‌ಸಿಇ ಆದರೆ ಅದರದಕ್ಕೆ ಕೆಲಸ ಒಪ್ಪಿಸಿ ಪಕ್ಕಕ್ಕೆ ಸರಿಯುತ್ತದೆ. ಹೀಗಾಗಿ ಒಂದೇ ಕಡತ ಒಂದು ಡೆಸ್ಕ್‌ಟಾಪ್‌ನಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಬೇರೆ ಬಗೆಯಾಗಿ ತೆರೆಯಬಹುದು. ಮನೆಯಲ್ಲಿ ನಿಮ್ಮದೇ ಕಡತಗಳನ್ನು ತೆರೆಯುವುದಾದರೆ ಇದಕ್ಕಿಂತ ಬೇರೆ ಬೇಕಿಲ್ಲ. ಈಗಾಗಲೇ ನಿಮ್ಮ ಗಣಕದಲ್ಲಿದೆ, ಕಲಿಯುವುದೂ ಏನಿಲ್ಲ. ಯಾವ ಬಗೆಗೆ ಯಾವ ತಂತ್ರಾಂಶ ಎಂಬುದನ್ನು ಇದರ ಜೊತೆಗಾರ ‘ಎಕ್ಸ್‌ಡಿಜಿ-ಮೈಮ್’ನಿಂದ ಬದಲಾಯಿಸಬಹುದು, ಅದು ನಿಮ್ಮ ಮನೆಕೋಶದ ಸಂರಚನೆಯಲ್ಲಿ ‘ಮೈಮ್‌ಆ್ಯಪ್ಸ್’ ಎಂಬ ಪಟ್ಟಿಯಲ್ಲಿ ಉಳಿಯುತ್ತದೆ.

ಅಂಗಡಿಗೆ ಇದು ಒಗ್ಗದಿರಲು ಮೂರು ಕಾರಣಗಳಿವೆ. ಡೆಸ್ಕ್‌ಟಾಪ್‌ಗಳು ಬಳಸುವ ಬಗೆಪಟ್ಟಿಯ ನಿಯಮದಂತೆ, ಬಾಲ ಸ್ಪಷ್ಟವಾಗಿ ಒಂದೇ ಬಗೆಯನ್ನು ಸೂಚಿಸಿದರೆ ಅದನ್ನೇ ನಂಬಲಾಗುತ್ತದೆ, ಒಡಲನ್ನು ತೆರೆದು ನೋಡುವುದು ಆಮೇಲಿನ ಮಾತು. ಗೌರಿಬಿದನೂರಿನ ಹುಡುಗಿಯ ಕಡತ ಚಿತ್ರದ ತಂತ್ರಾಂಶಕ್ಕೆ ಹೋದದ್ದು ಇದೇ ನಿಯಮದಿಂದ. ಎರಡನೆಯ ಕಾರಣ, ಒಂದು ಸಲಕ್ಕೆ ಒಂದೇ ಕಡತವನ್ನು ಇದು ಒಪ್ಪಿಕೊಳ್ಳುತ್ತದೆ. ಮೂರನೆಯದು ಪ್ರಿಂಟ್ ಮುಗಿದ ಕೂಡಲೇ ಕಡತ ಅಳಿಸಬೇಕೆನ್ನುವವರಿಗೆ ಮುಖ್ಯವಾದುದು: ಬಹಳಷ್ಟು ಡೆಸ್ಕ್‌ಟಾಪ್‌ಗಳಲ್ಲಿ ಕಿಟಕಿ ಮುಚ್ಚುವವರೆಗೆ ಇದು ಕಾಯುವುದಿಲ್ಲ, ತೆರೆಯಲು ಹೇಳಿ ತಕ್ಷಣ ಮರಳುತ್ತದೆ.

‘ಮೈಮ್‌ಓಪನ್’ ಪರ್ಲ್ ಭಾಷೆಯಲ್ಲಿ ಬರೆದದ್ದು. ಇದರ ಒಂದು ಗುಣ ನನಗೆ ಬಹಳ ಹಿಡಿಸಿತು. ಕೇಳು ಎಂಬ ಆಯ್ಕೆ ಕೊಟ್ಟರೆ, ಆ ಬಗೆಯನ್ನು ತೆರೆಯಬಲ್ಲ ತಂತ್ರಾಂಶಗಳನ್ನೆಲ್ಲ ಸಂಖ್ಯೆ ಹಾಕಿ ತೋರಿಸಿ ಯಾವುದು ಎಂದು ಕೇಳುತ್ತದೆ. ಬೇಕಿದ್ದರೆ ಅದನ್ನೇ ಮುಂದಿನ ರೂಢಿಯಾಗಿಯೂ ಉಳಿಸಿಕೊಳ್ಳುತ್ತದೆ. ಹೊಸದಾಗಿ ಲಿನಕ್ಸ್ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಇದನ್ನೇ ತೋರಿಸುತ್ತೇನೆ, ತಮ್ಮ ಗಣಕದಲ್ಲಿ ಏನೇನಿದೆ ಎಂದು ಕಣ್ಣಿಗೆ ಕಾಣುತ್ತದೆ. ಇದರ ಜೊತೆಗೆ ಬರುವ ‘ಮೈಮ್‌ಟೈಪ್’ ಕಮಾಂಡಿಗೆ ಹೆಸರು ಬಿಟ್ಟು ಒಡಲನ್ನು ಮಾತ್ರ ನೋಡು ಎಂದು ಹೇಳಲೂ ಬರುತ್ತದೆ. ಗಿರಾಕಿಗಳು ಸಾಲಾಗಿ ನಿಂತಿರುವಾಗ ಮಾತ್ರ ಪ್ರತಿಸಲವೂ ಉತ್ತರಿಸುತ್ತ ಕೂರಲಾಗದು.

‘ರೈಫಲ್’ ಎಂಬುದು ರೇಂಜರ್ ಎಂಬ ಟರ್ಮಿನಲ್ ಕಡತ ನಿರ್ವಾಹಕದ ಜೊತೆಗೆ ಬರುತ್ತದೆ, ಬಿಡಿಯಾಗಿಯೂ ನಡೆಯುತ್ತದೆ. ನಿಯಮ ಬರೆಯುವ ಸುಖ ಗೊತ್ತಿರುವವರು ಇದನ್ನು ಬಿಡುವುದಿಲ್ಲ. ಒಂದೇ ಸಂರಚನಾ ಕಡತ. ಒಂದೊಂದು ಸಾಲಿನ ಎಡಕ್ಕೆ ಷರತ್ತುಗಳು, ಬಲಕ್ಕೆ ಓಡಿಸಬೇಕಾದ ಕಮಾಂಡ್. ಬಾಲ ಹೀಗಿದ್ದರೆ, ಮೈಮ್ ಬಗೆ (ಕಡತದ ಬಗೆಗೆ ಇರುವ ಮಾನಕ ಹೆಸರು) ಹೀಗಿದ್ದರೆ, ಇಂಥ ತಂತ್ರಾಂಶ ಗಣಕದಲ್ಲಿದ್ದರೆ, ಚಿತ್ರಾತ್ಮಕ ಪರದೆ ಇದ್ದರೆ, ಬರೀ ಟರ್ಮಿನಲ್ ಆಗಿದ್ದರೆ ಎಂದೆಲ್ಲ ಷರತ್ತುಗಳನ್ನು ಪೋಣಿಸಬಹುದು. ಮೇಲಿನಿಂದ ಕೆಳಗೆ ನೋಡುತ್ತ ಹೋಗಿ ಮೊದಲು ಹೊಂದಿದ ಸಾಲನ್ನು ಎತ್ತಿಕೊಳ್ಳುತ್ತದೆ. ಒಂದೇ ಸಂರಚನೆಯನ್ನು ಅಂಗಡಿಯ ಎರಡೂ ಗಣಕಗಳಿಗೆ ನಕಲು ಮಾಡಬಹುದು, ಇಲ್ಲದ ತಂತ್ರಾಂಶದ ಸಾಲನ್ನು ಅದೇ ದಾಟಿ ಹೋಗುತ್ತದೆ. ಪಟ್ಟಿ ತೋರಿಸು ಎಂದರೆ ಈ ಕಡತಕ್ಕೆ ಯಾವ ಯಾವ ಸಾಲುಗಳು ಹೊಂದುತ್ತವೆ ಎಂದು ತೆರೆಯದೆಯೇ ಹೇಳುತ್ತದೆ. ತಪ್ಪು ಹುಡುಕುವಾಗ ಇದಕ್ಕೆ ಬೆಲೆ ಕಟ್ಟಲಾಗದು.

ರೈಫಲ್ ಒಡಲನ್ನು ನೋಡುತ್ತದೆ ಎಂದು ನಾನೂ ಬಹಳ ದಿನ ನಂಬಿದ್ದೆ, ಏಕೆಂದರೆ ಅದು ಒಳಗೆ ಫೈಲ್ ಕಮಾಂಡನ್ನೇ ಕರೆಯುತ್ತದೆ. ಕರೆಯುವುದು ನಿಜ, ಕ್ರಮ ಮಾತ್ರ ಬೇರೆ. ಮೊದಲು ಹೆಸರಿನಿಂದ ಮೈಮ್ ಬಗೆಯನ್ನು ಊಹಿಸುತ್ತದೆ. ಹೆಸರಿನಿಂದ ಏನೂ ಸಿಗದಾಗ ಮಾತ್ರ ಫೈಲ್‌ನ ಬಾಗಿಲು ತಟ್ಟುತ್ತದೆ. ಬಾಲವಿಲ್ಲದ ಕಡತಕ್ಕೆ ಇದು ಚೆನ್ನ. ತಪ್ಪು ಬಾಲದ ಕಡತಕ್ಕೆ ಎಕ್ಸ್‌ಡಿಜಿ-ಓಪನ್‌ನಷ್ಟೇ ಮೋಸಹೋಗುತ್ತದೆ.

‘ಹ್ಯಾಂಡ್ಲರ್’ ರಸ್ಟ್ ಭಾಷೆಯಲ್ಲಿ ಬರೆದ ಚುರುಕಾದ ಕಮಾಂಡ್. ಎಕ್ಸ್‌ಡಿಜಿಯ ಅದೇ ‘ಮೈಮ್‌ಆ್ಯಪ್ಸ್’ ಪಟ್ಟಿಯನ್ನು ಅಚ್ಚುಕಟ್ಟಾಗಿ ನಿರ್ವಹಿಸುತ್ತದೆ. ಎಲ್ಲ ವಿಡಿಯೊಗಳಿಗೂ ಇದೇ ತಂತ್ರಾಂಶ ಎಂದು ಒಂದೇ ಮಾತಿನಲ್ಲಿ ಹೇಳಬಹುದು. ಎಕ್ಸ್‌ಡಿಜಿಯ ಪಟ್ಟಿ ಹದಗೆಟ್ಟು, ತೆಗೆದುಹಾಕಿದ ತಂತ್ರಾಂಶಗಳ ಹೆಸರೇ ಅದರಲ್ಲಿ ತುಂಬಿದ್ದರೆ ಇದನ್ನು ಹಾಕಿಕೊಳ್ಳಿ. ಬೇರೆ ಕಾರಣಕ್ಕಾಗಿ ಬೇಡ.

ಕೊನೆಯದು ‘ರನ್-ಮೇಲ್‌ಕ್ಯಾಪ್’. ಎಲ್ಲಕ್ಕಿಂತ ಹಳೆಯ ಮನೆತನದ್ದು. ಮಿಂಚಂಚೆಯಲ್ಲಿ ಪಠ್ಯವಲ್ಲದ ಅಡಕಗಳನ್ನು ಕಳುಹಿಸಲು ನೆಥೇನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ 1992ರಲ್ಲಿ ಮೈಮ್ ಮಾನಕವನ್ನು ಪ್ರಕಟಿಸಿದರು. ಬಂದ ಅಡಕವನ್ನು ಯಾವ ತಂತ್ರಾಂಶದಲ್ಲಿ ತೆರೆಯಬೇಕು ಎಂದು ಬರೆದಿಡುವ ‘ಮೇಲ್‌ಕ್ಯಾಪ್’ ಪಟ್ಟಿಯ ರೂಪವನ್ನು ಬೋರೆನ್‌ಸ್ಟೈನ್ 1993ರಲ್ಲಿ ವಿವರಿಸಿದರು. ಆ ಪಟ್ಟಿಯನ್ನು ಓದಿ ಕಡತ ತೆರೆಯುವ ಈ ಕಮಾಂಡ್ ಡೆಬಿಯನ್, ಉಬುಂಟು ಎಂಬ ಲಿನಕ್ಸ್ ರೂಪಗಳಲ್ಲಿ ಸಿಗುತ್ತದೆ. ಮೊದಲು ಮೈಮ್-ಸಪೋರ್ಟ್ ಎಂಬ ಪ್ಯಾಕೇಜಿನಲ್ಲಿತ್ತು, ಡೆಬಿಯನ್ 12ರಲ್ಲಿ ಮೇಲ್‌ಕ್ಯಾಪ್ ಎಂಬ ಹೆಸರಿನದರಲ್ಲಿದೆ. ‘ಸೀ’, ‘ಎಡಿಟ್’, ‘ಪ್ರಿಂಟ್’ ಎಂಬ ಗಿಡ್ಡ ಹೆಸರುಗಳಿಂದಲೂ ಕರೆಯಬಹುದು.

ತಾನೇ ಬಿಟ್ಟರೆ ಇದೂ ಮೊದಲು ಬಾಲವನ್ನು ನೋಡಿ, ಅಲ್ಲಿ ಸಿಗದಿದ್ದರೆ ಫೈಲ್‌ನ ಮೊರೆಹೋಗುತ್ತದೆ. ಆದರೆ ಮೇಲೆ ಹೇಳಿದ ಯಾವುದರಲ್ಲೂ ನನಗೆ ಇಷ್ಟು ನೇರವಾಗಿ ಸಿಗದ ಒಂದು ಸೌಲಭ್ಯ ಇದರಲ್ಲಿದೆ. ಕಡತದ ಹೆಸರಿನ ಮುಂದೆ ಬಗೆಯನ್ನು ಬರೆದು, ನಡುವೆ ವಿಸರ್ಗದಂಥ ಎರಡು ಚುಕ್ಕೆ ಹಾಕಿ ಕೊಟ್ಟರೆ, ಹೆಸರನ್ನೂ ಒಡಲನ್ನೂ ನೋಡದೆ ನೀವು ಹೇಳಿದ ಬಗೆಯನ್ನೇ ಒಪ್ಪಿಕೊಳ್ಳುತ್ತದೆ. ಅಂದರೆ ಫೈಲ್ ಕಮಾಂಡಿನ ಉತ್ತರವನ್ನು ನೇರವಾಗಿ ಇದರ ಬಾಯಿಗೆ ಇಡಬಹುದು. ನನ್ನ ಕ್ರಮ ಪೂರ್ತಿಯಾಗಿ ಕೂಡಿಬಂದದ್ದು ಇಲ್ಲಿ. ಫೈಲ್ ಹೇಳಿದ್ದು ಖಚಿತವಾಗಿದ್ದರೆ ಅದನ್ನು ಮುಂದೆ ಜೋಡಿಸು, ಮಸುಕಾಗಿದ್ದರೆ ಬರೀ ಹೆಸರನ್ನು ಕೊಡು: ಹತ್ತು ಹನ್ನೆರಡು ಸಾಲಿನ ಒಂದು ಸ್ಕ್ರಿಪ್ಟ್, ಅಷ್ಟೇ.

ಮೇಲ್‌ಕ್ಯಾಪ್ ಪಟ್ಟಿಯ ಒಂದು ಸಾಲಿನಲ್ಲಿ ಬಗೆ, ತೆರೆಯುವ ಕಮಾಂಡ್, ಆಮೇಲೆ ಬೇಕಾದ ಅಂಕಣಗಳು ಇರುತ್ತವೆ. ಕಡತದ ಹೆಸರು ಬರಬೇಕಾದಲ್ಲಿ ಶೇಕಡಾ ಚಿಹ್ನೆ ಮತ್ತು ಎಸ್ ಅಕ್ಷರ. ‘ಟೆಸ್ಟ್’ ಎಂಬ ಅಂಕಣದಲ್ಲಿ, ಚಿತ್ರಾತ್ಮಕ ಪರದೆ ಇದ್ದರೆ ಮಾತ್ರ ಈ ಸಾಲು ಅನ್ವಯ ಎಂದು ಹೇಳಬಹುದು. ಬಾಲ ನೋಡಿಯೇ ತೆರೆಯುವ ಹಟಮಾರಿ ತಂತ್ರಾಂಶಗಳೂ ಇರುತ್ತವೆ. ಅಂಥವಕ್ಕೆ ಹೆಸರು ಹೀಗೆ ಮುಗಿಯಬೇಕು ಎಂದು ತಿಳಿಸಲು ‘ನೇಮ್‌ಟೆಂಪ್ಲೇಟ್’ ಅಂಕಣವಿದೆ. ಅಂಗಡಿಯವರಿಗೆ ಎಲ್ಲಕ್ಕಿಂತ ಬೇಕಾದದ್ದು ‘ಪ್ರಿಂಟ್’ ಅಂಕಣ. ನೋಡಲು ಒಂದು ಕಮಾಂಡ್, ಮುದ್ರಿಸಲು ಇನ್ನೊಂದು ಎಂದು ಒಂದೇ ಸಾಲಿನಲ್ಲಿ ಬರೆದಿಡಬಹುದು. ನಿಮ್ಮ ಮನೆಕೋಶದ ಪಟ್ಟಿಗೆ ಮೊದಲ ಮಣೆ, ಇಡೀ ಗಣಕದ ಪಟ್ಟಿ ಆಮೇಲೆ.

ಇದು ಕಿಟಕಿ ಮುಚ್ಚುವವರೆಗೆ ಕಾಯುತ್ತದೆ ಎಂಬುದು ಇನ್ನೊಂದು ಅನುಕೂಲ. ಮುಚ್ಚಿದ ಮೇಲೆ ಪ್ರತಿಯನ್ನು ಅಳಿಸುವ ಸಾಲನ್ನು ಸ್ಕ್ರಿಪ್ಟ್‌ನ ಕೊನೆಗೆ ಸೇರಿಸಿದ್ದೇನೆ. ಯಾರದೋ ಆಧಾರ್, ಯಾರದೋ ಕ್ರಯಪತ್ರ ನಮ್ಮ ಗಣಕದಲ್ಲಿ ಉಳಿಯಕೂಡದು. ಲಿಬ್ರೆಆಫೀಸ್ ಈಗಾಗಲೇ ತೆರೆದಿದ್ದರೆ ಹೊಸ ಕಡತವನ್ನು ಆ ಕಿಟಕಿಗೇ ಒಪ್ಪಿಸಿ ತಕ್ಷಣ ಮರಳುತ್ತದೆ, ಆಗ ಕಾಯುವ ಏರ್ಪಾಡು ಮುರಿಯುತ್ತದೆ. ಆದ್ದರಿಂದ ವರ್ಡ್, ಎಕ್ಸೆಲ್ ಕಡತಗಳನ್ನು ದಿನದ ಕೊನೆಗೆ ಒಟ್ಟಿಗೆ ಅಳಿಸುತ್ತೇನೆ.

ಕೊರತೆಯನ್ನೂ ಹೇಳಬೇಕು. ಹೆಸರಿನಲ್ಲಿ ಶೆಲ್‌ಗೆ ವಿಶೇಷ ಅರ್ಥವಿರುವ ಚಿಹ್ನೆಗಳಿದ್ದರೆ ಬೇರೆ ಕಮಾಂಡ್‌ಗಳನ್ನು ಓಡಿಸಿಬಿಡಬಹುದಾದ ಭದ್ರತಾ ದೋಷವೊಂದು 2014ರಲ್ಲಿ ಇದರಲ್ಲಿ ಪತ್ತೆಯಾಗಿ ಸರಿಯಾಯಿತು. ಹಳೆಯ ಡೆಬಿಯನ್ ಇಟ್ಟುಕೊಂಡಿರುವವರು ಇದನ್ನು ಬಳಸಬೇಡಿ. ಸರಿಪಡಿಸಿದ ರೂಪವಿದ್ದರೂ ನಾನು ಪೆನ್ ಡ್ರೈವ್‌ನಿಂದ ನೇರವಾಗಿ ಏನನ್ನೂ ತೆರೆಯುವುದಿಲ್ಲ. ಮೊದಲು ದಿನದ ಕೋಶಕ್ಕೆ ನಕಲು ಮಾಡಿ, ಮೂಲ ಬಾಲವನ್ನು ಉಳಿಸಿಕೊಂಡು ಹೆಸರನ್ನು ಬರೀ ಕ್ರಮಸಂಖ್ಯೆಯಾಗಿಸುತ್ತೇನೆ. ‘ಅಪ್ಪನ ಆಧಾರ್, ಹೊಸದು’ ಎಂಬಂಥ ಹೆಸರಿನ ನಡುವಿನ ಚಿಹ್ನೆ ಎಲ್ಲಿ ಏನು ಮಾಡೀತೋ ಎಂಬ ಚಿಂತೆ ಆಗ ಉಳಿಯುವುದಿಲ್ಲ.

ಟರ್ಮಿನಲ್ ಬಿಟ್ಟು ಹೊರಬರಲು ಇಷ್ಟವಿಲ್ಲದವರಿಗೆ ಒಂದು ಮಾತು: ಉಬುಂಟುವಿನಲ್ಲಿ ಪಠ್ಯವನ್ನು ಪುಟಪುಟವಾಗಿ ತೋರಿಸುವ ‘ಲೆಸ್’ ಕಮಾಂಡಿನ ಜೊತೆ ಲೆಸ್‌ಪೈಪ್ ಎಂಬ ಸಹಾಯಕ ಮೊದಲೇ ಜೋಡಣೆಯಾಗಿರುತ್ತದೆ. ಜಿಪ್ ಕಡತಕ್ಕೆ ಲೆಸ್ ಎಂದರೆ ಒಳಗಿನ ಪಟ್ಟಿ ಕಾಣುತ್ತದೆ. ಯಾವುದನ್ನೂ ಬಿಚ್ಚದೆ ಇಣುಕಿ ನೋಡಲು ಇಷ್ಟು ಸಾಕು.

ಕನ್ನಡದ ಪಠ್ಯ ಬಂದಾಗ

ಮೇಲಿನ ಎಲ್ಲ ಕಮಾಂಡ್‌ಗಳೂ ಒಟ್ಟಿಗೆ ಸೋಲುವ ಒಂದು ಜಾಗವಿದೆ, ಅದು ನಮ್ಮದೇ ಭಾಷೆಯದು. ಯುನಿಕೋಡ್ 1991ರಲ್ಲಿ ಬಂದಾಗಿನಿಂದಲೂ ಅದರಲ್ಲಿ ಕನ್ನಡವಿದೆ. ಆದರೂ ಇಂದಿಗೂ ಅಂಗಡಿಗೆ ಬರುವ ಅರ್ಜಿ, ಕರಾರುಪತ್ರ, ಸಂಘದ ನಡಾವಳಿಗಳಲ್ಲಿ ಸಾಕಷ್ಟು ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಿಸಿದವು. ‘ಬರಹ’ ಎಂಬ ಇನ್ನೊಂದು ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಿಸಿದ್ದೂ ಹಾಗೆಯೇ. ಅವುಗಳಲ್ಲಿ ಉಳಿದಿರುವುದು ಕನ್ನಡದ ಸಂಕೇತವಲ್ಲ. ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿದೆ. ಅಂಥ ಸಾದಾ ಪಠ್ಯವನ್ನು ಫೈಲ್ ನೋಡಿ ಯುರೋಪಿನ ಪಠ್ಯವೆಂದೇ ತಿಳಿಯುತ್ತದೆ. ತೆರೆಯುವ ಕಮಾಂಡ್ ಸರಿಯಾದ ತಂತ್ರಾಂಶವನ್ನೇ ತೆರೆಯುತ್ತದೆ, ಪರದೆಯ ಮೇಲೆ ಮಾತ್ರ ತಲೆಯ ಮೇಲೆ ಗೀಟುಗಳಿರುವ ಇಂಗ್ಲಿಷ್ ಅಕ್ಷರಗಳ ಸಂತೆ. ಗುಡಿಬಂಡೆಯ ಹಿರಿಯರೊಬ್ಬರು ತಮ್ಮ ಭಾಗಪತ್ರದ ಕರಡನ್ನು ಹಾಗೆ ಕಂಡು, ‘ಸ್ವಾಮಿ, ಯಾರೋ ಇದನ್ನು ಕೆಡಿಸಿದ್ದಾರೆ’ ಎಂದು ನೊಂದುಕೊಂಡರು. ಏನೂ ಕೆಟ್ಟಿರಲಿಲ್ಲ. ಆ ಫಾಂಟ್ ಹಾಕಿದೊಡನೆ ಅಕ್ಷರಗಳೆಲ್ಲ ಎದ್ದು ನಿಂತವು.

ಇದನ್ನು ಬೈಟ್‌ಗಳಿಂದಲೇ ಗುರುತಿಸಬಹುದು. ನುಡಿಯ ಆ ಸಂಕೇತದಲ್ಲಿ ತಲಕಟ್ಟಿಗೆ 192ನೆಯ ಬೈಟ್ ಬಳಕೆಯಾಗುತ್ತದೆ.‌ ಕನ್ನಡದಲ್ಲಿ ತಲಕಟ್ಟು ಎಷ್ಟು ಸಲ ಬರುತ್ತದೆ ಎಂದು ಯಾರಿಗೂ ಹೇಳಬೇಕಿಲ್ಲ. ಯುರೋಪಿನ ಯಾವ ನಿಜವಾದ ಬರಹದಲ್ಲೂ ಆ ಅಕ್ಷರ ಅಷ್ಟು ದಟ್ಟವಾಗಿ ಬರುವುದಿಲ್ಲ. ಯುರೋಪಿನ ಪಠ್ಯ ಎಂದು ಫೈಲ್ ಹೇಳಿ, 192ನೆಯ ಬೈಟ್ ಹೆಜ್ಜೆಹೆಜ್ಜೆಗೂ ಸಿಕ್ಕರೆ ನನ್ನ ಸ್ಕ್ರಿಪ್ಟ್ ಅದನ್ನು ‘ಹಳೆಯ ಕನ್ನಡ ಪಠ್ಯ’ ಎಂಬ ನಾನೇ ಇಟ್ಟ ಬಗೆಯ ಹೆಸರಿನಿಂದ ರನ್-ಮೇಲ್‌ಕ್ಯಾಪ್‌ಗೆ ಕೊಡುತ್ತದೆ. ಮೇಲ್‌ಕ್ಯಾಪ್ ಪಟ್ಟಿಯಲ್ಲಿ ಆ ಬಗೆಗೆ ಯುನಿಕೋಡಿಗೆ ಪರಿವರ್ತಿಸಿ ತೆರೆಯುವ ಸಾಲಿದೆ. ಡಾಕ್ಸ್ ಆದರೆ ದಾರಿ ಬೇರೆ. ಜಿಪ್‌ನ ಒಳಗಿರುವ ಫಾಂಟ್ ಪಟ್ಟಿಯ ಕಡತವನ್ನು ತೆಗೆದು ನುಡಿ ಎಂಬ ಹೆಸರು ಇದೆಯೇ ಎಂದು ಹುಡುಕುತ್ತೇನೆ. ಇದ್ದರೆ, ಆ ಫಾಂಟ್ ಹಾಕಿರುವ ಗಣಕದಲ್ಲೇ ತೆರೆಯುತ್ತೇನೆ.

ಯುನಿಕೋಡ್ ಪಠ್ಯದಲ್ಲಿ ಕೆಲಸ ಇನ್ನೂ ಸಲೀಸು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಸಂಕೇತಕ್ಕೂ ಮೂರು ಬೈಟ್: ಮೊದಲನೆಯದು ಯಾವಾಗಲೂ 224, ಎರಡನೆಯದು 178 ಇಲ್ಲವೇ 179. ತೆಲುಗಿನಲ್ಲೂ ಮೊದಲನೆಯದು 224. ಎರಡನೆಯದು 176 ಇಲ್ಲವೇ 177. ಲಿಪಿಗಳು ಅಕ್ಕತಂಗಿಯರಂತೆ ಕಂಡರೂ ಬೈಟ್‌ಗಳಲ್ಲಿ ಒಂದನ್ನೊಂದು ಬೆರೆಸುವ ಪ್ರಶ್ನೆಯೇ ಇಲ್ಲ. ಬಾಗೇಪಲ್ಲಿಯ ಕಡತ ಬಂದಾಗ ತೆಲುಗಿನ ಫಾಂಟನ್ನು ತಾನಾಗಿ ಆರಿಸಲು ಈ ಒಂದು ಪರೀಕ್ಷೆ ಸಾಕಾಗಿದೆ.

ಯಾರಿಗೆ ಯಾವುದು?

ಮನೆಯಲ್ಲಿ ಒಂದು ಗಣಕ, ನಿಮ್ಮದೇ ಕಡತಗಳು: ಎಕ್ಸ್‌ಡಿಜಿ-ಓಪನ್, ಬೇರೇನೂ ಬೇಡ. ಕಲಿಯುವ ವಿದ್ಯಾರ್ಥಿಗೆ ಮೈಮ್‌ಓಪನ್. ದಿನವಿಡೀ ಟರ್ಮಿನಲ್‌ನಲ್ಲೇ ಇರುವ, ತನ್ನ ಕಡತಗಳಿಗೆ ತಾನೇ ಸರಿಯಾದ ಹೆಸರಿಡುವ ಪ್ರೋಗ್ರಾಮರ್‌ಗೆ ರೈಫಲ್. ನಿಯಮಗಳ ಸೊಗಸಿನಲ್ಲಿ ಅದಕ್ಕೆ ಸಾಟಿಯಿಲ್ಲ. ಜೆರಾಕ್ಸ್ ಅಂಗಡಿ, ಶಾಲೆಯ ಕಚೇರಿ, ಗ್ರಂಥಾಲಯದಂತೆ ಅಪರಿಚಿತರ ಕಡತ ಬರುವ ಕಡೆ ಫೈಲ್ ಮತ್ತು ರನ್-ಮೇಲ್‌ಕ್ಯಾಪ್ ಜೋಡಿಯನ್ನೇ ಹಾಕಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಹಳೆಯದಾಯಿತೆಂದು ಇದನ್ನು ಕಡೆಗಣಿಸುವುದು ಸರಿಯಲ್ಲ. ಬಗೆಯನ್ನು ನಾವು ಹೇಳಿ ಕೊಡಬಹುದು, ಮುದ್ರಣ ಬೇರೆಯಾಗಿ ಇದೆ, ಮುಗಿಯುವವರೆಗೆ ಕಾಯುತ್ತದೆ. ನಮ್ಮ ಕೆಲಸಕ್ಕೆ ಬೇಕಾದ ಮೂರೂ ಇದರಲ್ಲಿವೆ.

ಆರಿಸುವ ಮೊದಲು ನಿಮ್ಮ ಗಣಕದಲ್ಲೇ ಪರೀಕ್ಷಿಸಿ, ಹತ್ತು ನಿಮಿಷದ ಕೆಲಸ. ಒಂದು ಪಿಡಿಎಫ್‌ನ ಮೂರು ಪ್ರತಿ ಮಾಡಿ. ಒಂದರ ಬಾಲ ತೆಗೆಯಿರಿ, ಇನ್ನೊಂದಕ್ಕೆ ಜೆಪಿಜಿ ಎಂಬ ಬಾಲ ಹಚ್ಚಿ, ಮೂರನೆಯದಕ್ಕೆ ನಡುವೆ ಖಾಲಿ ಜಾಗವಿರುವ ಕನ್ನಡದ ಹೆಸರಿಡಿ. ಜೊತೆಗೆ ಹಳೆಯ ನುಡಿ ಪಠ್ಯ ಒಂದಿರಲಿ. ಪ್ರತಿಯೊಂದು ಕಮಾಂಡಿಗೂ ಈ ನಾಲ್ಕನ್ನು ಕೊಟ್ಟು ಏನು ತೆರೆಯಿತು ಎಂದು ಬರೆದುಕೊಳ್ಳಿ. ಎರಡನೆಯ ಪ್ರತಿಗೆ ಚಿತ್ರದ ಕಿಟಕಿ ತೆರೆದರೆ ಆ ಕಮಾಂಡ್ ಹೆಸರನ್ನು ನಂಬುತ್ತದೆ ಎಂದು ಗೊತ್ತಾಗುತ್ತದೆ. ನಾಲ್ಕನೆಯದನ್ನು ಯಾವುದೂ ತಾನಾಗಿ ಗುರುತಿಸುವುದಿಲ್ಲ. ಅದಕ್ಕೆ 192ನೆಯ ಬೈಟನ್ನು ಎಣಿಸುವ ಸಾಲನ್ನು ನೀವೇ ಸೇರಿಸಬೇಕು.